ಸಾಯಬಣ್ಣ ಹೊರಗೆ ಓಡಿದ್ದು

ಬಾಯಲ್ಲಿ ಅಡಕೆ ಇಟ್ಟುಕೊಂಡವರು ಮೊದಲು ಉಗಿದು ಬಂದು ಕೂತುಕೊಳ್ಳಿ. ನಗುವಾಗ ಗಂಟಲಿಗೆ ಸಿಕ್ಕಿಕೊಂಡರೆ ಆಮೇಲೆ ನನ್ನನ್ನು ಬೈಯಬೇಡಿ. ನಾನು ಹೇಳೋದು ಸಾಯಬಣ್ಣನ ಕತೆ. ಊರಿನ ಹೆಸರು ಮಾತ್ರ ಹೇಳೋದಿಲ್ಲ. ಆ ಊರಿನವರು ಜಗಳಗಂಟರು, ಸುದ್ದಿ ತಿಳಿದರೆ ಕೋಲು ಹಿಡಿದುಕೊಂಡು ಬಂದಾರು. ಕಲಬುರಗಿಯಿಂದ ಆ ಕಡೆಗೆ, ಮಾಳಿಗೆಗೆಲ್ಲ ಕಲ್ಲು ಚಪ್ಪಡಿ ಹೊದಿಸೋ ಸೀಮೆಯ ಒಂದು ಊರು ಅಂದುಕೊಳ್ಳಿ, ಸಾಕು.

ಆ ಊರಲ್ಲಿ ಚಂದಮ್ಮ ಅಂತ ಒಬ್ಬಳು. ಗಂಡ ಎಂದೋ ತೀರಿಕೊಂಡಿದ್ದ. ಅವಳಿಗಿದ್ದವನು ಒಬ್ಬನೇ ಮಗ, ಈ ಸಾಯಬಣ್ಣ. ಮೈಯಲ್ಲಿ ಎತ್ತಿನ ಶಕ್ತಿ, ತಲೆಯಲ್ಲಿ ಬರೀ ಗಾಳಿ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಕಷ್ಟ ಇದ್ದಿದ್ದೇ ಅಲ್ಲಿ. ನಾವು ನೀವೆಲ್ಲ ಹೇಳಿದ್ದರಲ್ಲಿ ಅರ್ಧ ಬಿಟ್ಟು ಅರ್ಧ ಮಾಡ್ತೀವಿ, ಅದಕ್ಕೇ ಈ ಲೋಕ ಹೇಗೋ ನಡೀತಾ ಇದೆ. ಸಾಯಬಣ್ಣ ಒಂದು ಚೂರೂ ಬಿಡ್ತಿರಲಿಲ್ಲ.

ಆ ವರ್ಷ ಎಲ್ಲಿ ನೋಡಿದರೂ ಭೂಕಂಪದ್ದೇ ಸುದ್ದಿ. ರೇವಣ್ಣನ ಚಹಾದಂಗಡಿಯಲ್ಲಿ ಟೀವಿ ಇತ್ತು. ಇವತ್ತು ಜಪಾನಿನಲ್ಲಿ ನಡುಗಿತಂತೆ, ನಾಳೆ ಟರ್ಕಿಯಲ್ಲಿ, ನಾಡಿದ್ದು ಹೆಸರು ಹೇಳೋಕೇ ಬಾರದ ಇನ್ಯಾವುದೋ ದೇಶದಲ್ಲಿ. ಊರಿನ ಗಂಡಸರು ಬಸಿಯಲ್ಲಿ ಚಹಾ ಸುರಕೊಂಡು ಕುಡಿಯೋದನ್ನೇ ಮರೆತು ನೋಡ್ತಿದ್ದರು.

"ಹಿಂಗೇ ಒಂದೊಂದೇ ದೇಶ ಮುಗಿಸ್ಕೋತ ಬರ್ಲಾಕತ್ತದ. ಇನ್ನ ನಮ್ಮ ಪಾಳಿ" ಅಂದ ರೇವಣ್ಣ.

ಅಷ್ಟೇ ಸಾಕಾಯಿತು. ನೆಲ ನಡುಗಿದರೆ ಹೊರಗೆ ಓಡಬೇಕು ಅಂತ ರೇವಣ್ಣ. ಓಡಬಾರದು, ಮೇಜಿನ ಕೆಳಗೆ ಕೂರಬೇಕು ಅಂತ ಸಾಲಿ ಮಾಸ್ತರು. ಅದೂ ಅಲ್ಲ ಇದೂ ಅಲ್ಲ, ಬಾಗಿಲ ಚೌಕಟ್ಟಿನಲ್ಲಿ ನಿಲ್ಲಬೇಕು ಅಂತ ಊರಿಗೇ ಹಿರಿಯ ಕಾಶಪ್ಪ ಮುತ್ಯಾ. ಚಹಾಪುಡಿ ತಗೊಳ್ಳೋಕೆ ಬಂದಿದ್ದ ಚಂದಮ್ಮ ಎಲ್ಲಾ ಕೇಳಿಸಿಕೊಂಡಳು. ಅವಳ ಮನೆಯಲ್ಲಿ ಮೇಜು ಇರಲಿಲ್ಲ. ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಮಾಳಿಗೆಯಲ್ಲಿ, ಅವಳು ಮಲಗೋ ಹೊರಸಿನ ನೇರ ಮೇಲೆ, ಒಂದು ಚಪ್ಪಡಿ ಬಿರುಕು ಬಿಟ್ಟಿತ್ತು.

ಅವತ್ತಿನಿಂದ ಅವಳಿಗೆ ನಿದ್ದೆ ಇಲ್ಲ. ಹೊರಸಿನ ಮೇಲೆ ಅಂಗಾತ ಮಲಗೋದು, ಬಿರುಕನ್ನೇ ನೋಡೋದು. ಸಾವಿಗೆ ಹೆದರಿದಳು ಅಂದುಕೊಳ್ಳಬೇಡಿ. ಅವಳ ಚಿಂತೆ ಬೇರೆ. "ನಾ ಹೋದ್ರ ಹೋದೆ. ಈ ನನ್ನ ಪೆದ್ದಪ್ಪ ಏನು ಮಾಡ್ತಾನ? ಏಳು ಅನ್ನೋರು ಇಲ್ಲಂದ್ರ ಮನಿ ಮೈಮ್ಯಾಲ ಬಿದ್ರೂ ಕುಂತಲ್ಲೇ ಕುಂತಿರ್ತಾನ." ಹೇಗಾದರೂ ಮಾಡಿ ಮಗನಿಗೆ ಜೀವ ಉಳಿಸಿಕೊಳ್ಳೋದು ಕಲಿಸಬೇಕು ಅಂತ ಗಟ್ಟಿ ಮಾಡಿದಳು. ಕರೆದು ಎದುರಿಗೆ ಕೂರಿಸಿಕೊಂಡಳು.

"ತಮ್ಮಾ, ಕಿವಿ ಕೊಟ್ಟು ಕೇಳು. ಏನರ ಅಲುಗಾಡಿದ್ದು ಕಂಡ್ರ ಕೈಯಾಗಿಂದು ಬಿಟ್ಟು ಹೊರಗ ಓಡಬೇಕು. ಹಿಂದ ತಿರುಗಿ ನೋಡಬಾರದು."

"ಯವ್ವಾ, ಮಾಸ್ತರು ಭೂಮಿ ಯಾವಾಗ್ಲೂ ತಿರಗತಾನೇ ಇರ್ತದ ಅಂತಾರಲ್ಲ. ಹಂಗಾದ್ರ ಯಾವಾಗ್ಲೂ ಓಡ್ತಾನೇ ಇರಬೇಕೇನು?"

ನನ್ನನ್ನು ಕೇಳಿದರೆ ನನಗೂ ಗೊತ್ತಿಲ್ಲ. "ತಿರುಗೋದು ಬ್ಯಾರೆ, ಅಲುಗಾಡೋದು ಬ್ಯಾರೆ. ಅಲುಗಾಡಿದ್ರ ಓಡು, ಅಷ್ಟೇ" ಅಂದಳು ಚಂದಮ್ಮ.

"ಆಯ್ತವ್ವ, ಇನ್ನ ಹಂಗೇ ಮಾಡ್ತೀನಿ" ಅಂದ ಸಾಯಬಣ್ಣ.

ಮರುದಿನ ಪಕ್ಕದ ಮನೆ ಸಂಗಮ್ಮನ ಮೊಮ್ಮಗನಿಗೆ ತೊಟ್ಟಿಲ ಕಾರ್ಯ. ಊರಿನ ಹೆಂಗಸರೆಲ್ಲ ಸೇರಿದ್ದರು. ಗೋದಿ ಹುಗ್ಗಿ ಮಾಡಿದ್ದರು. ಹುಗ್ಗಿಯ ಪಾತೇಲಿ ಭಾರ ಇದ್ದದ್ದರಿಂದ ಎತ್ತಿಕೊಂಡು ಬಾ ಅಂತ ಸಾಯಬಣ್ಣನಿಗೆ ಹೇಳಿದರು. ಅವನು ಪಾತೇಲಿ ಹಿಡಿದು ಪಡಸಾಲೆಗೆ ಕಾಲಿಟ್ಟ. ಅದೇ ಹೊತ್ತಿಗೆ ಮುತ್ತೈದೆಯರು ಕೂಸನ್ನು ತೊಟ್ಟಿಲಲ್ಲಿ ಹಾಕಿ ಒಂದು ಸಲ ತೂಗಿದರು.

ತೊಟ್ಟಿಲು ಅಲುಗಾಡಿತು. ಸಾಯಬಣ್ಣ ನೋಡಿದ. ಕೈಯಲ್ಲಿದ್ದ ಪಾತೇಲಿ ಬಿಟ್ಟ. "ಅಲುಗಾಡ್ತು, ಅಲುಗಾಡ್ತು, ಓಡ್ರಿ" ಅಂತ ಕೂಗಿಕೊಂಡು ಬೀದಿಗೆ ಬಿದ್ದ.

ಅವನ ಹಿಂದೆ ಹೆಂಗಸರು. ಅವರ ಹಿಂದೆ ಊಟಕ್ಕೆ ಕೂತಿದ್ದ ಗಂಡಸರು, ಎಂಜಲು ಕೈಯಲ್ಲೇ. ಎಲ್ಲರೂ ಬೀದಿಯಲ್ಲಿ ನಿಂತು ಮಾಳಿಗೆ ಬೀಳೋದನ್ನು ಕಾದರು. ಮಾಳಿಗೆ ಬೀಳಲಿಲ್ಲ.

"ಎಲ್ಲಿ ಅಲುಗಾಡ್ತೋ?" ಅಂದಳು ಸಂಗಮ್ಮ.

"ತೊಟ್ಟಿಲದಾಗ, ಚಿಗವ್ವ."

ಒಳಗೆ ಹೋಗಿ ನೋಡಿದರೆ ಕೂಸು ಒಂದೇ ಆರಾಮಾಗಿ ಮಲಗಿತ್ತು. ಹುಗ್ಗಿಯನ್ನು ನಾಯಿ ನೆಕ್ಕುತ್ತಿತ್ತು.

ಚಂದಮ್ಮ ಹಣೆ ಹಣೆ ಬಡಿದುಕೊಂಡಳು. "ಏನು ತುಂಬ್ಯಾನೋ ದೇವರು ನಿನ್ನ ತೆಲಿಯಾಗ? ತೊಟ್ಟಿಲು ಅಲುಗಾಡಿದ್ರ ಯಾರರ ಓಡ್ತಾರೇನು? ಹಗೂರಕ ಕೈ ಹಚ್ಚಿ ತೂಗಬೇಕು. ಜೋಗುಳ ಹಾಡಬೇಕು."

"ಆಯ್ತವ್ವ, ಇನ್ನ ಹಂಗೇ ಮಾಡ್ತೀನಿ."

ಅತ್ತ ಟೀವಿಯಲ್ಲಿ ಇನ್ನೊಂದು ದೇಶ ನಡುಗಿತು. ಚಂದಮ್ಮನಿಗೆ ಇನ್ನು ತಡೆಯೋಕಾಗಲಿಲ್ಲ. ಗಾರೆ ಕೆಲಸದ ಗೌಂಡಿ ಖಾಜಾಸಾಬನ ಮನೆಗೆ ಹೋಗಿ ಕೈಮುಗಿದಳು. "ಅಣ್ಣಾ, ಆ ಬಿರುಕಿಗೆ ಏನರ ಹಚ್ಚು. ಮಲಗಿದ್ರ ಮೈಮ್ಯಾಲೇ ಬಂದಂಗ ಆಗ್ತದ." ಖಾಜಾಸಾಬ ಒಳ್ಳೆಯವನು. ಬೇರೆ ಕೆಲಸ ಬಿಟ್ಟು ಬಂದ. ಗೋಡೆಗೆ ಏಣಿ ಆನಿಸಿದ. ತಲೆ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಹತ್ತಿದ. ಅರ್ಧ ಹತ್ತಿರಬೇಕು, ಹಳೇ ಏಣಿ, ಅಲುಗಾಡೋಕೆ ಶುರುವಾಯಿತು.

"ಸಾಯಬಣ್ಣಾ, ಬಾರಪಾ ಇಲ್ಲಿ, ಏಣಿ ಅಲುಗಾಡ್ಲಾಕತ್ತದ" ಅಂತ ಕರೆದ.

ಸಾಯಬಣ್ಣ ಓಡೋಡಿ ಬಂದ. ಅವ್ವ ಹೇಳಿದ್ದು ನೆನಪಿತ್ತು. ಹಗೂರಕ್ಕೆ ಏಣಿಗೆ ಕೈ ಹಚ್ಚಿದ. ಆ ಕಡೆ ತೂಗಿದ, ಈ ಕಡೆ ತೂಗಿದ. ತಲೆ ಎತ್ತಿ ಆ ಗಡ್ಡದ ಖಾಜಾಸಾಬನ ಮುಖ ನೋಡಿಕೊಂಡು ಹಾಡಿದ: "ಜೋ ಜೋ ಕೂಸೇ, ಅಳಬ್ಯಾಡ ಕೂಸೇ, ನಿಮ್ಮಪ್ಪ ಸಂತಿಂದ ಬರ್ತಾನ ಜೋ ಜೋ."

"ಲೇ, ಏನು ಮಾಡ್ಲಾಕತ್ತಿ? ಬಿಡೋ" ಅಂತ ಖಾಜಾಸಾಬ ಚೀರಿದ. ಕೂಸು ಅಳ್ತಾ ಇದೆ ಅಂತ ಸಾಯಬಣ್ಣ ಇನ್ನೂ ಜೋರಾಗಿ ತೂಗಿದ.

ಸಿಮೆಂಟು ಮೊದಲು ಬಿತ್ತು, ಖಾಜಾಸಾಬ ಆಮೇಲೆ. ಪುಣ್ಯಕ್ಕೆ ಗೋಡೆ ಪಕ್ಕದಲ್ಲಿದ್ದ ತಿಪ್ಪೆ ಮೆತ್ತಗಿತ್ತು. ಎದ್ದು ಗಡ್ಡಕ್ಕೆ ಮೆತ್ತಿದ್ದನ್ನು ಒರೆಸಿಕೊಂಡು, "ಅಕ್ಕಾ, ನಿಮ್ಮ ಮಾಳಗಿ ಕಡಿಗಿ ಇನ್ನ ನಾ ಹಾಯಂಗಿಲ್ಲ" ಅಂತ ಹೇಳಿ ಹೋದವನು ತಿರುಗಿ ಬರಲಿಲ್ಲ. ಬಿರುಕು ಹಾಗೇ ಉಳಿಯಿತು.

ಚಂದಮ್ಮ ಹಣೆ ಹಣೆ ಬಡಿದುಕೊಂಡಳು. "ಏನು ತುಂಬ್ಯಾನೋ ದೇವರು ನಿನ್ನ ತೆಲಿಯಾಗ? ಅಲುಗಾಡೋದನ್ನ ತೂಗ್ತಾರೇನು? ಗಟ್ಯಾಗಿ ಅವುಚಿ ಹಿಡೀಬೇಕು. ಅಲುಗಾಟ ನಿಲ್ಲೋತನಕ ಬಿಡಬಾರದು."

"ಆಯ್ತವ್ವ, ಇನ್ನ ಹಂಗೇ ಮಾಡ್ತೀನಿ."

ಇಷ್ಟು ಹೊತ್ತಿಗೆ ಊರಿಗೆ ಊರೇ ಗೊಂದಲದಲ್ಲಿ ಬಿದ್ದಿತ್ತು. ಲಾರಿ ಹೋದರೆ ಜನ ಹೊರಗೆ ಬರೋರು. ಎಮ್ಮೆ ಮೈ ತಿಕ್ಕಿಕೊಂಡು ಗೋಡೆ ಅದುರಿದರೂ ಹೊರಗೆ ಬರೋರು. ಹೊರಗೆ ಬಂದು ಮೇಜು ಹುಡುಕೋರು. ಮಾಸ್ತರ ಮಾತು ನಂಬಬೇಕೋ ಮುತ್ಯಾನ ಮಾತು ನಂಬಬೇಕೋ ಯಾರಿಗೂ ತಿಳೀಲಿಲ್ಲ. ಕಡೆಗೆ ಗೌಡರು, "ನಮಗ್ಯಾಕ ಈ ಜಗ್ಗಾಟ? ಮರಗಮ್ಮನ್ನೇ ಕೇಳಿಬಿಡೋಣ" ಅಂದರು.

ಊರಮ್ಮ ಮರಗಮ್ಮ ಬರೋದು ಹಣಮಂತ ಪೂಜಾರಿಯ ಮೈಮೇಲೆ. ಗಾಳಿ ಬೀಸಿದರೆ ಹಾರಿಹೋಗೋ ಹಾಗಿದ್ದ ಪೂಜಾರಿ, ಆದರೆ ತಾಯಿ ಬಂದಾಗ ಅವನನ್ನು ನೋಡಬೇಕಿತ್ತು. ಹಲಗೆ ಬಡಿದರು. ಭಂಡಾರ ಎರಚಿದರು. ಪೂಜಾರಿಯ ಕಾಲು ನಡುಗಿತು, ಕೈ ನಡುಗಿತು, ಇಡೀ ಮೈ ನಡುಗೋಕೆ ಹತ್ತಿತು.

ಗೌಡರು ತಲೆಯ ರುಮಾಲು ತೆಗೆದು ಕೇಳಿದರು: "ತಾಯೀ, ನಮ್ಮೂರಾಗ ನೆಲ ನಡುಗ್ತದೋ ಇಲ್ಲೋ? ಒಂದು ಮಾತು ಹೇಳಿಬಿಡು."

"ಹೇಳ್ತೀನಿ" ಅಂದಳು ತಾಯಿ ಪೂಜಾರಿಯ ಬಾಯಿಂದ. "ಕೇಳ್ರೋ ಮಕ್ಕಳ್ರಾ, ಈ ನೆಲ ನಡು..."

ಸಾಯಬಣ್ಣ ಗುಂಪು ಸೀಳಿಕೊಂಡು ಬಂದ. ಪೂಜಾರಿಯನ್ನು ಗಟ್ಟಿಯಾಗಿ ಅವುಚಿ ಹಿಡಿದ. ಪೂಜಾರಿ ಒದ್ದಾಡಿದ. ಸಾಯಬಣ್ಣ ಇನ್ನೂ ಬಿಗಿಯಾಗಿ ಹಿಡಿದ. ಜನ ಎಳೆದರು, ಜಗ್ಗಿದರು, ಎರಡು ಏಟು ಹಾಕಿದರು. ಅಲುಗಾಟ ನಿಲ್ಲೋತನಕ ಅವನು ಬಿಡಲಿಲ್ಲ. ನಿಂತಿತು. ತಾಯಿ ಹೋದಳು. ಪೂಜಾರಿ ಕಣ್ಣು ಬಿಟ್ಟು, ಉಸಿರು ಎಳೆದುಕೊಂಡು, "ಯಾಕಪಾ ನನ್ನ ಹಿಂಗ ಅಪ್ಪಿಕೊಂಡಿ?" ಅಂದ.

ತಾಯಿ ಏನು ಹೇಳೋಕೆ ಹೊರಟಿದ್ದಳು? ನಡುಗ್ತದೆ ಅಂತಲೋ, ನಡುಗೋದಿಲ್ಲ ಅಂತಲೋ? ಅರ್ಧ ಊರು ಹಾಗೆ ಅಂದಿತು, ಅರ್ಧ ಊರು ಹೀಗೆ ಅಂದಿತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಅವತ್ತು ಎಷ್ಟೋ ಮನೆಯಲ್ಲಿ ಒಲೆ ಹತ್ತಲಿಲ್ಲ.

ಗೌಡರು ಚಂದಮ್ಮನ ಮನೆ ಬಾಗಿಲಿಗೇ ಬಂದು ಬೈದರು. "ನೋಡವ್ವಾ, ನಿನ್ನ ಮಗನಿಗಿ ಸರಿಯಾಗಿ ಬುದ್ಧಿ ಹೇಳು. ಇಲ್ಲಂದ್ರ ಹಗ್ಗ ಹಾಕಿ ಕಟ್ಟಿ ಹಾಕು."

ಚಂದಮ್ಮ ಹಣೆ ಹಣೆ ಬಡಿದುಕೊಂಡಳು. "ಏನು ತುಂಬ್ಯಾನೋ ದೇವರು ನಿನ್ನ ತೆಲಿಯಾಗ? ಮೈ ನಡುಗೋರನ್ನ ಮುಟ್ಟಬಾರದೋ. ದೂರ ನಿಂತು, ಕೈಮುಗಿದು, ಏನು ಅಪ್ಪಣಿ ತಾಯೀ ಅಂತ ಕೇಳಬೇಕು. ಅಪ್ಪಣಿ ಆದಂಗ ನಡೀಬೇಕು."

"ಆಯ್ತವ್ವ, ಇನ್ನ ಹಂಗೇ ಮಾಡ್ತೀನಿ."

ಚಂದಮ್ಮ ಅತ್ತುಬಿಟ್ಟಳು. ಬೈದದ್ದಕ್ಕೆ ಅವಳಿಗೇ ಬೇಜಾರಾಯಿತು. ಅವನ ತಲೆ ಸವರಿ, "ನಾ ಇಲ್ಲದಾಗ ಹೆಂಗೋ ನಿನ್ನ ಗತಿ? ಮೊದಲನೇ ಮಾತರ ನೆನಪದ ಏನು?" ಅಂತ ಕೇಳಿದಳು.

"ಅದ ಯವ್ವಾ. ಅಲುಗಾಡಿದ್ರ ಕೈಯಾಗಿಂದು ಬಿಟ್ಟು ಹೊರಗ ಓಡಬೇಕು. ಆದ್ರ ಓಡಬಾರದು, ತೂಗಬೇಕು. ತೂಗಬಾರದು, ಅವುಚಿ ಹಿಡೀಬೇಕು. ಹಿಡೀಬಾರದು, ಕೈಮುಗೀಬೇಕು."

ಚಂದಮ್ಮನಿಗೆ ತಲೆ ಗಿರ್ರೆಂದಿತು. ಅವನು ತಪ್ಪು ಹೇಳಿರಲಿಲ್ಲ. ಎಲ್ಲಾ ಅವಳೇ ಹೇಳಿದ ಮಾತು. ಮಧ್ಯಾಹ್ನದ ಬಿಸಿಲು, ಎಷ್ಟೋ ದಿನದ ನಿದ್ದೆ ಕಣ್ಣಲ್ಲಿ. ಹೊರಸಿನ ಮೇಲೆ ಉರುಳಿಕೊಂಡಳು. ಮೇಲೆ ನೋಡಿದರೆ ಅದೇ ಬಿರುಕು. ಸೆರಗು ಮುಖಕ್ಕೆ ಎಳೆದುಕೊಂಡಳು.

"ತಮ್ಮಾ, ನನಗ ಸಾಕಾಗ್ಯದ. ನೆಲ ನಡುಗಿದ್ರೂ ನನಗ ಗೊತ್ತಾಗಬಾರದು, ಅಂಥಾ ನಿದ್ದಿ ಬೇಕು. ಎಬ್ಬಸಬ್ಯಾಡ" ಅಂದವಳು ಅಲ್ಲೇ ಗೊರಕೆ ಹೊಡೆದಳು.

ಸಾಯಬಣ್ಣ ಕೂತು ಯೋಚನೆ ಮಾಡಿದ. ಅವನು ಯೋಚನೆ ಮಾಡೋದು ಅಪರೂಪ, ಮಾಡಿದರೆ ಮೈ ಬೆವರೋದು. ನೆಲ ನಡುಗಿದರೂ ಅವ್ವನಿಗೆ ಗೊತ್ತಾಗಬಾರದು. ಹೊರಸಿನ ಕಾಲು ನೆಲದ ಮೇಲಿದೆ. ನೆಲ ನಡುಗಿದರೆ ಹೊರಸು ನಡುಗ್ತದೆ, ಹೊರಸು ನಡುಗಿದರೆ ಅವ್ವ ನಡುಗ್ತಾಳೆ. ಹಾಗಾದರೆ ಹೊರಸು ನೆಲದ ಮೇಲೇ ಇರಬಾರದು. ಸರಿಯಾಗೇ ಯೋಚಿಸಿದ ಅನ್ನಿಸ್ತದೆ ನನಗೆ. ಏನು ಹೇಳಲಿ, ನನಗೂ ಈ ಕತೆ ಹೇಳಿ ಹೇಳಿ ತಲೆ ಕೆಟ್ಟಿದೆ.

ಮಲಗಿದ್ದ ಅವ್ವನ ಸಮೇತ ಹೊರಸನ್ನು ಎತ್ತಿದ. ಬಾಗಿಲು ದಾಟಿಸಿ ಅಂಗಳಕ್ಕೆ ತಂದ. ಅಂಗಳದಲ್ಲಿ ಬೇವಿನ ಮರ, ಅದರ ಬುಡದಲ್ಲಿ ದನಕ್ಕೆ ಹಾಕೋ ಜೋಳದ ಕಣಿಕಿ ರಾಶಿ. ಬಾವಿ ಹಗ್ಗ ತಂದು ಹೊರಸಿನ ನಾಲ್ಕೂ ಕಾಲಿಗೆ ಕಟ್ಟಿದ. ಹಗ್ಗದ ತುದಿಯನ್ನು ಕೊಂಬೆಯ ಮೇಲಿಂದ ದಾಟಿಸಿ ಜಗ್ಗಿದ. ಹೊರಸು ಕಣಿಕಿಯ ಮೇಲಿಂದ ಆಳೆತ್ತರಕ್ಕೆ ಏರಿತು. ಹಗ್ಗವನ್ನು ಮರದ ಬುಡಕ್ಕೆ ಸುತ್ತಿ ಕಟ್ಟಿದ. ಹೊರಸು ಗಾಳಿಗೆ ಆ ಕಡೆ ಈ ಕಡೆ ತೂಗಿತು. ತೊಟ್ಟಿಲ ಹಾಗೇ ಕಂಡಿತು. ತೊಟ್ಟಿಲು ಕಂಡರೆ ಏನು ಮಾಡಬೇಕು ಅಂತ ಅವ್ವ ಹೇಳಿಕೊಟ್ಟಿದ್ದಳಲ್ಲ. ತೂಗಿದ. ಹಾಡಿದ.

"ಜೋ ಜೋ ಯವ್ವಾ, ಅಳಬ್ಯಾಡ ಯವ್ವಾ, ನಿಮ್ಮಪ್ಪ ಸಂತಿಂದ ಬರ್ತಾನ ಜೋ ಜೋ."

ಚಂದಮ್ಮ ಕಣ್ಣು ಬಿಟ್ಟಳು. ಮಾಳಿಗೆ ಇಲ್ಲ, ಬಿರುಕು ಇಲ್ಲ, ಮೇಲೆ ಬರೀ ಎಲೆ, ಕೆಳಗೆ ಎಲ್ಲಾ ಓಲಾಡ್ತಾ ಇದೆ. "ಅಯ್ಯಯ್ಯೋ, ಬಂತ್ರೋ, ಭೂಕಂಪ ಬಂತು, ಎಲ್ಲಾರೂ ಹೊರಗ ಬರ್ರೋ" ಅಂತ ಊರು ಕೇಳೋ ಹಾಗೆ ಚೀರಿದಳು.

ಊರು ಕೇಳಿಸಿಕೊಂಡಿತು. ಚಹಾದಂಗಡಿ ಬಿಟ್ಟು ರೇವಣ್ಣ ಬಂದ, ಕೂಸನ್ನು ಎತ್ತಿಕೊಂಡು ಸಂಗಮ್ಮ ಬಂದಳು, ಮಕ್ಕಳನ್ನು ಅಟ್ಟಿಕೊಂಡು ಮಾಸ್ತರು ಬಂದರು, ಗೌಡರು ರುಮಾಲು ಸುತ್ತುತ್ತಾ ಬಂದರು. ಮನೆಯೊಳಗೆ ಒಬ್ಬರೂ ಉಳಿಯಲಿಲ್ಲ. ಬಂದು ನೋಡಿದರೆ ಚಂದಮ್ಮ ಗಾಳಿಯಲ್ಲಿ ತೂಗಾಡ್ತಾ ಇದ್ದಾಳೆ, ಗಡಗಡ ನಡುಗ್ತಾ ಇದ್ದಾಳೆ.

"ಹಿಡಕೋ ನನ್ನ, ಸಾಯಬಣ್ಣಾ" ಅಂದಳು.

ಸಾಯಬಣ್ಣ ಮುಟ್ಟಲಿಲ್ಲ. ದೂರ ಹೋಗಿ ನಿಂತ. ಕೈಮುಗಿದ. "ಏನು ಅಪ್ಪಣಿ ತಾಯೀ?"

ಊರಿಗೆ ಊರೇ ನಕ್ಕಿತು. ಗೌಡರೂ ನಕ್ಕರು. ಪೂಜಾರಿ ಮಾತ್ರ ನಗಲಿಲ್ಲ.

"ನಿನ್ನ ತೆಲಿ ಅಪ್ಪಣಿ. ಕೆಳಗ ಇಳಸೋ ನನ್ನ, ಹಗೂರಕ ಇಳಸು."

ಅಪ್ಪಣೆ ಆಯಿತು. ಸಾಯಬಣ್ಣ ಬುಡದಿಂದ ಹಗ್ಗ ಬಿಚ್ಚಿದ, ಎರಡೂ ಕೈಯಲ್ಲಿ ಹಿಡಿದ, ಗೇಣು ಗೇಣಾಗಿ ಸಡಿಲ ಬಿಡೋಕೆ ಶುರು ಮಾಡಿದ. ಇಷ್ಟು ಜತನದಿಂದ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಆಗ ಗುಡುಗಿದ ಹಾಗಾಯಿತು. ಗುಡುಗು ಮೇಲಿಂದ ಬರಲಿಲ್ಲ, ಕೆಳಗಿಂದ ಬಂತು. ಲಾರಿ ಅಂದುಕೊಂಡರು ಕೆಲವರು. ಲಾರಿ ಇರಲಿಲ್ಲ. ಚಹಾದಂಗಡಿಯಲ್ಲಿ ಬಸಿಗಳು ತಾವಾಗೇ ಗಲಗಲ ಅಂದವು. ನಾಯಿ ಬಾಲ ಮುದುರಿಕೊಂಡು ಕುಂಯ್ ಅಂತ ಅತ್ತಿತು. ನಿಂತವರ ಕಾಲ ಕೆಳಗೆ ನೆಲ ಜಾರಿದ ಹಾಗಾಯಿತು. ನಗ್ತಿದ್ದ ಬಾಯಿಗಳೆಲ್ಲ ಹಾಗೇ ತೆರೆದುಕೊಂಡವು.

ಅಷ್ಟು ದಿನ ಅದನ್ನೇ ಕಾದು ಕೂತಿದ್ದ ಚಂದಮ್ಮನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಅವಳು ಗಾಳಿಯಲ್ಲಿದ್ದಳು. ಜನರ ಮುಖ ನೋಡಿ ತಿಳಿದುಕೊಂಡಳು. ತಿಳಿದ ಕೂಡಲೇ ಮಗನ ಕಡೆ ತಿರುಗಿದಳು.

ಸಾಯಬಣ್ಣ ಕಣ್ಣು ಕಣ್ಣು ಬಿಡ್ತಾ ನಿಂತಿದ್ದ. ಓಡಬೇಕೋ, ತೂಗಬೇಕೋ, ಅವುಚಿ ಹಿಡೀಬೇಕೋ, ಕೈಮುಗೀಬೇಕೋ. ಅವನಿಗೆ ಒಂದೂ ಬಗೆಹರಿಯಲಿಲ್ಲ. ಅವನ ಪಕ್ಕದಲ್ಲೇ ಮನೆ ಗೋಡೆ ಮಣ್ಣು ಉದುರಿಸ್ತಿತ್ತು. ಚಂದಮ್ಮನಿಗೆ ತಾನೆಲ್ಲಿದ್ದೀನಿ, ಹಗ್ಗ ಯಾರ ಕೈಯಲ್ಲಿದೆ, ಯಾವುದೂ ನೆನಪಾಗಲಿಲ್ಲ.

"ಲೇ ಸಾಯಬಣ್ಣಾ, ಮೊದಲನೇ ಮಾತೋ. ಕೈಯಾಗಿಂದು ಬಿಟ್ಟು ಓಡೋ ನನ್ನಪ್ಪಾ, ಓಡು!"

ಸಾಯಬಣ್ಣನ ಮುಖ ಅರಳಿತು. ಕೈಯಲ್ಲಿದ್ದದ್ದು ಬಿಟ್ಟ. ಓಡಿದ.

ಕೈಯಲ್ಲಿ ಏನಿತ್ತು ಅಂತ ನಿಮಗೆ ಗೊತ್ತು. ಹೊರಸು ಧೊಪ್ಪೆಂದು ಕಣಿಕಿ ರಾಶಿಯ ಮೇಲೆ ಬಿತ್ತು. ಅವಳು ಬಿದ್ದ ಬೆನ್ನಿಗೇ ಮನೆಯೊಳಗಿಂದ ಇನ್ನೊಂದು ಸದ್ದು ಬಂತು, ಇದಕ್ಕಿಂತ ದೊಡ್ಡದು. ಧೂಳು ಎದ್ದಿತು. ನೆಲ ಸುಮ್ಮನಾಯಿತು.

ಜನ ಒಳಗೆ ಹೋಗಿ ನೋಡಿದರು. ಬಿರುಕು ಬಿಟ್ಟಿದ್ದ ಚಪ್ಪಡಿ ಕೆಳಗೆ ಬಿದ್ದಿತ್ತು, ಹೊರಸು ಇದ್ದ ಜಾಗದಲ್ಲೇ. ಚಂದಮ್ಮ ಸೊಂಟ ಹಿಡಿದುಕೊಂಡು ಬಂದು ಅದನ್ನು ನೋಡಿದಳು. ಆಮೇಲೆ, "ನನ್ನ ಮಗ ಎಲ್ಲಿ?" ಅಂದಳು.

ಮಗ ಓಡ್ತಾ ಇದ್ದ. ಹೊರಗೆ ಓಡು ಅಂದಿದ್ದಳು, ಎಲ್ಲಿ ನಿಲ್ಲಬೇಕು ಅಂತ ಹೇಳಿರಲಿಲ್ಲ. ಹಿಂದೆ ತಿರುಗಿ ನೋಡಬಾರದು ಅಂತಲೂ ಹೇಳಿದ್ದಳು. ರೇವಣ್ಣ ಮೋಟರ್ ಸೈಕಲ್ ಹತ್ತಿ ಬೆನ್ನಟ್ಟಿದ. ಪಕ್ಕದೂರಿನ ಬೀದಿಯಲ್ಲಿ ಸಿಕ್ಕ.

"ಎಲ್ಲಿಗೋ?"

"ಹೊರಗ, ರೇವಣ್ಣ."

"ಹೊರಗೇ ಅದಿಯಲ್ಲೋ. ನಿಮ್ಮವ್ವ ಹುಡುಕ್ಲಾಕತ್ತಾಳ. ನಡುಗೋದು ನಿಂತದ, ಸಾಕು, ಒಳಗ ನಡಿ."

ಸಾಯಬಣ್ಣ ಸುತ್ತಮುತ್ತ ನೋಡಿದ. ಎದುರಿಗೆ ಒಂದು ಬಾಗಿಲು ತೆರೆದಿತ್ತು. ಒಳಗೆ ನಡೆದ. ಯಾರ ಮನೆಯೋ ಏನೋ, ಮನೆಯವರೆಲ್ಲ ಭೂಕಂಪಕ್ಕೆ ಹೆದರಿ ಬೀದಿಯಲ್ಲಿ ನಿಂತಿದ್ದರು. ಅವರು ಹೊರಗೆ, ಇವನು ಒಳಗೆ. ಓಡಿ ದಣಿದಿದ್ದ ಅವನು ಒಂದು ತಂಬಿಗೆ ನೀರು ತುಂಬಿಕೊಂಡು ಪಡಸಾಲೆಯಲ್ಲಿ ಕೂತ.

ರೇವಣ್ಣ ಹೋಗಿ ಚಂದಮ್ಮನನ್ನು ಕರೆತಂದ. ಅವಳು ಬಾಗಿಲಲ್ಲಿ ನಿಂತು ಮಗನನ್ನು ನೋಡಿದಳು. ಕೈಕಾಲು ನೆಟ್ಟಗಿದ್ದವು. ಓಡೋದಂತೂ ಕಲಿತಿದ್ದ. ಇನ್ನು ತಾನು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅಂತ ಅವಳ ಜೀವ ಹಗುರಾಯಿತು. ಬೈಯೋಕೆ ಬಾಯಿ ತೆರೆದಳು, ಬೈಯೋಕಾಗಲಿಲ್ಲ. ಬುದ್ಧಿ ಹೇಳೋಕೆ ಬಾಯಿ ತೆರೆದಳು, ಹೆದರಿ ಮುಚ್ಚಿಕೊಂಡಳು.

"ಯವ್ವಾ, ನೆಲ ಖರೇನೇ ನಿಂತದೇನು?" ಅಂದ ಸಾಯಬಣ್ಣ.

"ನಿಂತದ ನನ್ನಪ್ಪಾ. ನೋಡಿಲ್ಲಿ, ಎಷ್ಟು ಗಟ್ಟಿ ಅದ" ಅಂತ ಚಂದಮ್ಮ ಕಾಲೆತ್ತಿ ನೆಲವನ್ನು ಧಪ್ಪನೆ ತುಳಿದು ತೋರಿಸಿದಳು.

ತಂಬಿಗೆಯಲ್ಲಿ ನೀರು ಅಲುಗಾಡಿತು. ಸಾಯಬಣ್ಣ ನೋಡಿದ. ತಂಬಿಗೆ ಬಿಟ್ಟ, ಅವ್ವನನ್ನು ದಾಟಿ ಹೊರಗೆ ಓಡಿದ. ಅವನ ಹಿಂದೆ ಸೊಂಟ ಹಿಡಿದುಕೊಂಡು ಚಂದಮ್ಮ, ಅವಳ ಹಿಂದೆ ರೇವಣ್ಣ, ರೇವಣ್ಣನ ಹಿಂದೆ ಆ ಮನೆಯವರು, ಅವರ ಹಿಂದೆ ಏನಾಯಿತು ಅಂತ ಗೊತ್ತಿಲ್ಲದೆ ಆ ಊರಿಗೆ ಊರೇ.